ನಲ್ಲಿಗೂ ಹೊಲಕ್ಕೂ ಜಗಳ ಹಚ್ಚುವುದು ಬೇಡ
(ಬೀದರಿನ ಕಾಮಗಾರರ ಸಭೆಯಲ್ಲಿ ಮಾಡಿದ ಭಾಷಣ)



ಬೇಸಗೆ ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಒಂದು ಹಳೆಯ ಜಗಳ ತಲೆಯೆತ್ತುತ್ತದೆ. ಕಾರಂಜಾ ನೀರು ಹೊಲಕ್ಕೆ ಹೋಯಿತೆಂದು ಬೀದರ ಶಹರದವರು ಗೊಣಗುತ್ತಾರೆ. ನಮ್ಮ ನೆಲ ಮುಳುಗಿಸಿ ಶಹರಕ್ಕೆ ನೀರು ಒಯ್ದರೆಂದು ಭಾಲ್ಕಿಯವರು ನೊಂದುಕೊಳ್ಳುತ್ತಾರೆ. ಔರಾದಿನವರು ಇಬ್ಬರಿಗೂ ಬರಿಗೊಡ ತೋರಿಸುತ್ತಾರೆ. ಬಡವರು ಬಡವರೊಡನೆ ಕಾದಾಡಿದರೆ ಲಾಭ ಯಾರಿಗೆ? ಲೆಕ್ಕ ಕೊಡಬೇಕಾದವರಿಗೆ. ಆದ್ದರಿಂದ ಇಂದು ನಾವು ಲೆಕ್ಕವನ್ನೇ ನೋಡೋಣ.

ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಹತ್ತಿರ ಕಾರಂಜಾ ಜಲಾಶಯವಿದೆ. ಅದು ತುಂಬಿದರೆ 7.69 ಟಿ.ಎಂ.ಸಿ. ನೀರು. ಒಂದು ಟಿ.ಎಂ.ಸಿ. ಎಂದರೆ ಸುಮಾರು 2,830 ಕೋಟಿ ಲೀಟರು. 2011ರ ಜನಗಣತಿಯಲ್ಲಿ ಬೀದರ ಶಹರದ ಜನ ಸುಮಾರು 2.16 ಲಕ್ಷ. ತಲೆಗೆ ದಿನಕ್ಕೆ 135 ಲೀಟರಿನಂತೆ ಕೊಟ್ಟರೂ ವರ್ಷಕ್ಕೆ ಬೇಕಾಗುವುದು 0.38 ಟಿ.ಎಂ.ಸಿ. ಮಾತ್ರ, ತುಂಬಿದ ಕೆರೆಯ ಇಪ್ಪತ್ತರಲ್ಲಿ ಒಂದು ಪಾಲು. ಶಹರ ಎರಡರಷ್ಟು ಬೆಳೆದರೂ ಹತ್ತರಲ್ಲಿ ಒಂದು ಪಾಲು. ಕೊಳವೆ ಸೋರಿಕೆ, ಬಿಸಿಲಿಗೆ ಆರುವ ನೀರು ಇದರ ಮೇಲಿನ ಖರ್ಚು. ಹಾಗಾದರೆ ಶಹರದ ದಾಹವೇ ರೈತನ ಹೊಲ ಒಣಗಿಸಿತೆಂಬುದು ನಿಲ್ಲುವ ಮಾತಲ್ಲ.

ತೊಂದರೆ ಬರುವುದು ಕೆರೆ ತುಂಬದ ವರ್ಷ. 2016ರಲ್ಲಿ ನೆರೆಯ ಲಾತೂರಿಗೆ ರೈಲಿನಲ್ಲಿ ನೀರು ತಂದುದನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿಗೆ ನೀರು ಕೊಡುತ್ತಿದ್ದ ಜಲಾಶಯವಿರುವುದೂ ನಮ್ಮ ಮಾಂಜ್ರಾ ನದಿಗೇ. ಮೇಲೆ ಬತ್ತಿದ ನದಿ ಕೆಳಗೆ ತುಂಬಿ ಹರಿಯದು.

ಈ ಊರು ನೀರಿನ ಯೋಜನೆ ಅರಿಯದ ಊರಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ, 15ನೆಯ ಶತಮಾನದಲ್ಲಿ, ನೌಬಾದದಲ್ಲಿ ನೆಲದೊಳಗೆ ಸುರಂಗ ಕೊರೆದು ಕಾರೇಜ್ ಕಟ್ಟಿದರು. ಮೇಲಿನ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ಇಂಗಿದ ಮಳೆನೀರು ಕೆಳಗಿನ ಕರಿಗಲ್ಲಿನ ಮೇಲೆ ನಿಲ್ಲುತ್ತದೆ. ಅದನ್ನು ಇಳಿಜಾರು ನೋಡಿ ಊರಿಗೆ ಹರಿಸಿದರು. ವಿದ್ಯುತ್ತು ಬೇಡ, ಪಂಪು ಬೇಡ. ಅದರ ಗಾಳಿಕಿಂಡಿಗಳ ಮೇಲೆ ಮಣ್ಣು ಸುರಿದು ಮನೆ ಕಟ್ಟುವುದನ್ನು ತಡೆಯದಿದ್ದರೆ ಹೊಸ ಕೆರೆ ಕಟ್ಟಿ ಏನು ಫಲ?

ಇನ್ನು ನೀರಿನ ಅದಲುಬದಲಿನ ಮಾತು. ಹೈದರಾಬಾದಿಗೆ 1965ರಿಂದ ಮಾಂಜ್ರಾ ನೀರು ಹೋಗುತ್ತಿದೆ. ಮುಂದೆ ಸಿಂಗೂರು ಜಲಾಶಯದಿಂದಲೂ ಹೋಯಿತು. ಮೆದಕ, ನಿಜಾಮಾಬಾದ ಕಡೆಯ ರೈತರು ಅಸಮಾಧಾನಪಟ್ಟರು. 2015ರಲ್ಲಿ ಯಲ್ಲಂಪಲ್ಲಿಯಿಂದ ಗೋದಾವರಿ ನೀರು ಆ ಶಹರಕ್ಕೆ ಬಂದಾಗ ಮಾಂಜ್ರಾ ಮೇಲಿನ ಭಾರ ಇಳಿಸಲು ದಾರಿಯಾಯಿತು. 2018ರಿಂದ ಬೆಂಗಳೂರು ತನ್ನ ಕೊಳಚೆ ನೀರನ್ನು ಶುದ್ಧಿ ಮಾಡಿ ಕೋಲಾರದ ಕೆರೆಗಳಿಗೆ ಕಳಿಸುತ್ತಿದೆ. ಆ ಶುದ್ಧಿ ಸಾಲದೆಂದು ಅಲ್ಲಿನ ರೈತರು ದೂರಿದರು. ಆ ದೂರನ್ನೂ ನಾವು ಕೇಳಬೇಕು. ಆದರೂ ತತ್ವ ಸರಿ: ಕುಡಿಯುವ ನೀರು ತೆಗೆದುಕೊಂಡ ಶಹರ ಹೊಲಕ್ಕೆ ನೀರು ತಿರುಗಿ ಕೊಡಬೇಕು. ನಾವು ಬಳಸಿದ ನೀರಿನಲ್ಲಿ ಹೆಚ್ಚಿನ ಪಾಲು ಚರಂಡಿಗೇ ಹೋಗುತ್ತದೆ. ಅದನ್ನು ಚೆನ್ನಾಗಿ ತೊಳೆದು ಕಾರಖಾನೆಗೂ ಹೊಲಕ್ಕೂ ಕೊಟ್ಟರೆ ಅಷ್ಟು ಕಾರಂಜಾ ನೀರು ಉಳಿಯುತ್ತದೆ.

ಇನ್ನೊಂದು ಅನ್ಯಾಯವನ್ನು ಹೇಳಲೇಬೇಕು. ಒಳಚರಂಡಿಯಿರುವ ಶಹರಕ್ಕೆ ಸರಕಾರದ ಮಾನ 135 ಲೀಟರು. 2019ರ ಜಲಜೀವನ ಯೋಜನೆಯಲ್ಲಿ ಹಳ್ಳಿಯವನಿಗೆ 55. ಔರಾದಿನ ಹೆಣ್ಣುಮಗಳ ಬಾಯಾರಿಕೆ ಚಿಕ್ಕದೇ? ಕಾರಂಜಾಕ್ಕೆ ಭೂಮಿ ಕೊಟ್ಟವರು ನ್ಯಾಯವಾದ ಪರಿಹಾರಕ್ಕಾಗಿ ಬೀದರಿನಲ್ಲಿ ದೀರ್ಘಕಾಲ ಧರಣಿ ಕುಳಿತರು. ಅವರ ನೆಲದ ಮೇಲೆ ನಿಂತ ನೀರನ್ನೇ ನಾವು ಕುಡಿಯುತ್ತಿದ್ದೇವೆ. ಅವರ ಬೇಡಿಕೆ ನಮ್ಮ ಬೇಡಿಕೆಯೂ ಆಗಬೇಕು.

ಆದ್ದರಿಂದ ನಾವು ಕೇಳುವುದಿಷ್ಟು. ಪ್ರತಿ ವರ್ಷ ಮಳೆಗಾಲ ಮುಗಿದೊಡನೆ ಶಹರಕ್ಕೂ ಹಳ್ಳಿಗಳಿಗೂ ಎರಡು ವರ್ಷದ ಕುಡಿಯುವ ನೀರನ್ನು ಮೊದಲು ತೆಗೆದಿಡಲಿ. ಉಳಿದುದನ್ನು ಹೊಲಕ್ಕೆ ಹಂಚುವಾಗ ಕಬ್ಬಿಗಿಂತ ಮುಂಚೆ ತೊಗರಿ, ಜೋಳಗಳಿಗೆ ಸಲ್ಲಲಿ. ಮಾಂಜ್ರಾ ನೆರೆಯಲ್ಲಿ ಹರಿದುಹೋಗುವ ನೀರನ್ನು ಎತ್ತಿ, ನಮ್ಮ ಪಾಲಿನ ಮಿತಿಯಲ್ಲಿ, ಔರಾದಿನ ಕೆರೆ ತುಂಬಿಸಲಿ. ಜಲಾಶಯದಲ್ಲಿ ಎಷ್ಟಿದೆ, ಯಾರಿಗೆ ಎಷ್ಟು ಹೋಯಿತು ಎಂಬುದನ್ನು ನಗರಾಡಳಿತ ಕಚೇರಿಯ ಮುಂದೆಯೂ ಪಂಚಾಯಿತಿ ಕಟ್ಟೆಯ ಮೇಲೂ ವಾರವಾರ ಬರೆದು ಹಾಕಲಿ.

ಅಂಗಡಿಯವನು ದಿನದ ಕೊನೆಗೆ ಗಲ್ಲಾ ಎಣಿಸುತ್ತಾನೆ. ಕಾಮಗಾರ ಪಗಾರದ ಚೀಟಿ ನೋಡುತ್ತಾನೆ. ನೀರಿನ ವಿಷಯದಲ್ಲಿ ಮಾತ್ರ ನಾವು ಲೆಕ್ಕ ಕೇಳದೆ ಏಕಿರಬೇಕು? ಭಾಲ್ಕಿ, ಔರಾದಿನವರನ್ನು ಜೊತೆಗೆ ಕರೆದುಕೊಂಡು ಕೇಳೋಣ.