ಕೊಳ್ಳುವವನ ಕುಲಗೋತ್ರ



ಈ ದತ್ತಿ ಉಪನ್ಯಾಸದ ನಿಬಂಧನೆಯಲ್ಲಿ ಉಪನ್ಯಾಸಕನು ಪೌರಜೀವನಕ್ಕೆ ಸಂಬಂಧಪಟ್ಟ ಯಾವುದಾದರೊಂದು ವಿಷಯವನ್ನು ಎತ್ತಿಕೊಳ್ಳತಕ್ಕದ್ದೆಂದು ಮಾತ್ರ ಹೇಳಿರುವುದರಿಂದಲೂ, ದಿನಬೆಳಗಾದರೆ ಪೌರನು ಮಾಡುವ ಕೆಲಸಗಳಲ್ಲಿ ಕೊಳ್ಳುವುದಕ್ಕಿಂತ ಸಾಮಾನ್ಯವಾದದ್ದು ಬೇರೊಂದಿಲ್ಲವಾದುದರಿಂದಲೂ, ಮನೆಯಲ್ಲಿಯೇ ಕುಳಿತು ಫೋನಿನ ಮೂಲಕ ಸಾಮಾನು ತರಿಸಿಕೊಳ್ಳುವಾಗ ಮಾರುವವನು ನಮ್ಮನ್ನು ಏನೇನು ಕೇಳಬಹುದು, ಏನನ್ನು ಕೇಳಲಾಗದು ಎಂಬ ಪ್ರಶ್ನೆಯನ್ನು ಇಂದು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ. ಜಯನಗರದಲ್ಲಿ ನಿಂತು ಈ ಮಾತನ್ನಾಡುವುದು ಉಚಿತವೂ ಹೌದು. ಫ್ಲಿಪ್‌ಕಾರ್ಟ್ 2007ರಲ್ಲಿ, ಬಿಗ್‌ಬಾಸ್ಕೆಟ್ 2011ರಲ್ಲಿ ಹುಟ್ಟಿದ್ದು ಇದೇ ಬೆಂಗಳೂರಿನಲ್ಲಿ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಬಾಯಿಂದ ಹೇಳಿಸಿದ ವೃದ್ಧ ನ್ಯಾಯಮೂರ್ತಿಗಳು ವಾಸವಾಗಿದ್ದದ್ದೂ ಇದೇ ಬೆಂಗಳೂರಿನಲ್ಲಿ.

ಹಿಂದಿನ ಅಂಗಡಿಯವನಿಗೆ ನಮ್ಮ ವಿಷಯ ಏನೂ ತಿಳಿದಿರಲಿಲ್ಲವೆಂದು ವಾದಿಸುವವರ ಗುಂಪಿಗೆ ನಾನು ಸೇರಿದವನಲ್ಲ. ಬಡಾವಣೆಯ ದಿನಸಿ ಅಂಗಡಿಯ ಶೆಟ್ಟರಿಗೆ, ತಿಂಗಳ ಲೆಕ್ಕದ ಪುಸ್ತಕವೊಂದರ ಆಧಾರದಿಂದಲೇ, ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರ ಮನೆಯಲ್ಲಿ ಸಕ್ಕರೆಯ ಖರ್ಚು ಇದ್ದಕ್ಕಿದ್ದಂತೆ ಇಳಿದಿದೆ, ಯಾರ ಸಂಬಳ ಈ ಸಲ ತಡವಾಗಿದೆ, ಯಾವ ಮನೆಯ ಬಾಣಂತಿಗಾಗಿ ಅಂಟು, ಕೊಬ್ಬರಿ, ಒಣಖರ್ಜೂರಗಳು ಹೋಗಿವೆ ಎಂಬುದೆಲ್ಲ ಕರತಲಾಮಲಕವಾಗಿದ್ದಿತು. ಅದನ್ನವರು ಪಕ್ಕದಲ್ಲಿ ನಿಂತ ಗಿರಾಕಿಗೆ ಹೇಳದೆ ಇರುತ್ತಿದ್ದರೆಂದು ನಾನು ಪ್ರಮಾಣ ಮಾಡಲಾರೆ. ಆದರೆ ಶೆಟ್ಟರ ಸಂಗತಿಯೂ ನಮಗೆ ಅಷ್ಟೇ ತಿಳಿದಿದ್ದಿತು: ಅವರ ತಕ್ಕಡಿಯ ಸ್ವಭಾವ, ಅವರ ಮಗನ ಎಸ್ಸೆಸ್ಸೆಲ್ಸಿ ಫಲಿತಾಂಶ, ಅವರಿಗೂ ಅವರ ದಾಯಾದಿಗಳಿಗೂ ನಡೆದಿದ್ದ ವ್ಯಾಜ್ಯ. ಅವರ ಜ್ಞಾನವು ವ್ಯಾಪಾರ ನಡೆಯುತ್ತ ನಡೆಯುತ್ತ ತಾನಾಗಿ ಕೂಡಿದ್ದು. ಉದ್ದರಿ ತೀರಿದೊಡನೆ ಪುಟಕ್ಕೆ ಅಡ್ಡಗೀಟು ಬೀಳುತ್ತಿದ್ದಿತು, ವರ್ಷ ಕಳೆದರೆ ಆ ಪುಟವೇ ಪೊಟ್ಟಣ ಕಟ್ಟುವ ಕಾಗದವಾಗುತ್ತಿದ್ದಿತು. ಒಂದು ಸೇರು ತೊಗರಿಬೇಳೆ ಅಳೆಯುವ ಮುನ್ನ ‘ತಾವು ಹುಟ್ಟಿದ ತಾರೀಖು ಯಾವುದು?’ ಎಂದು ಯಾವ ಶೆಟ್ಟರೂ ಕೇಳಿದವರಲ್ಲ.

ಈಚೆಗೆ ನಮ್ಮ ಮನೆಯ ಕುಕ್ಕರಿಗೆ ಒಂದು ಗ್ಯಾಸ್ಕೆಟ್ ಬೇಕಾಯಿತು. ಹೆಸರು ಹೇಳಬೇಕಾಗಿಲ್ಲದ ಒಂದು ಆ್ಯಪಿನಲ್ಲಿ ಅದನ್ನು ತರಿಸಲು ಕುಳಿತಾಗ ಮೊದಲು ಮೊಬೈಲ್ ಸಂಖ್ಯೆಯನ್ನೂ, ಅದು ನನ್ನದೇ ಎಂಬುದಕ್ಕೆ ಓಟಿಪಿಯನ್ನೂ, ಅನಂತರ ಹೆಸರು, ಇಮೇಲ್, ಹುಟ್ಟಿದ ದಿನ, ಗಂಡೋ ಹೆಣ್ಣೋ ಎಂಬ ವಿವರ, ಮದುವೆಯಾದ ತಾರೀಖು ಇವುಗಳನ್ನೂ ಕೇಳಿ, ಒಂದೊಂದರ ಮಗ್ಗುಲಿಗೂ ತುಂಬಲೇಬೇಕೆಂಬ ಕೆಂಪು ನಕ್ಷತ್ರವನ್ನಿಟ್ಟು, ಇಷ್ಟನ್ನು ತುಂಬಿದ ಬಳಿಕ ನಾನಿರುವ ಸ್ಥಳವನ್ನು ಸದಾಕಾಲ ನೋಡುತ್ತಿರಲೂ ನನ್ನ ಫೋನಿನಲ್ಲಿರುವ ಬಂಧುಮಿತ್ರರ ಸಂಖ್ಯೆಗಳನ್ನು ಓದಿಕೊಳ್ಳಲೂ ಅನುಮತಿಯನ್ನು ಅಪೇಕ್ಷಿಸಲಾಯಿತು. ವಿಳಾಸ, ಫೋನ್ ಸಂಖ್ಯೆಗಳನ್ನು ಕೇಳಿದ್ದಕ್ಕೆ ನನ್ನ ತಕರಾರಿಲ್ಲ. ಜಯನಗರದ ಒಂಬತ್ತನೆಯ ಮೈನ್ ಬೇರೆ, ಬನಶಂಕರಿಯ ಒಂಬತ್ತನೆಯ ಮೈನ್ ಬೇರೆಯಾಗಿರುವ ಈ ಮೈನು, ಕ್ರಾಸು, ಬ್ಲಾಕು, ಹಂತಗಳ ಲೋಕದಲ್ಲಿ, ಸಾಮಾನು ಹೊತ್ತ ಹುಡುಗನು ರಾಗಿಗುಡ್ಡದ ಬುಡದಲ್ಲೆಲ್ಲೋ ಬೈಕು ನಿಲ್ಲಿಸಿ ‘ಸಾರ್, ಲೊಕೇಶನ್ ಕಳಿಸಿ’ ಎಂದು ಕೂಗದೆ ಮನೆ ಸಿಕ್ಕುವುದು ದುರ್ಲಭ. ಹುಟ್ಟಿದ ದಿನದಿಂದ ಅವನಿಗೆ ದಾರಿ ತಿಳಿಯುವುದಿಲ್ಲವಷ್ಟೆ. ಈ ಸಂದೇಹವನ್ನು ಆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದೆನು. 2020ರ ಇ-ವಾಣಿಜ್ಯ ನಿಯಮಗಳ ಮೇರೆಗೆ ಅಂತಹ ಅಧಿಕಾರಿಯೊಬ್ಬನು ಇರಲೇಬೇಕು, ದೂರು ತಲುಪಿತೆಂದು 48 ಗಂಟೆಗಳೊಳಗೆ ತಿಳಿಸಲೇಬೇಕು. ಹುಟ್ಟುಹಬ್ಬದಂದು ವಿಶೇಷ ರಿಯಾಯಿತಿ ನೀಡುವ ಸಲುವಾಗಿ ಎಂದು ಉತ್ತರ ಬಂದಿತು. ರಿಯಾಯಿತಿ ಬೇಡವೆನ್ನುವವನಿಗೂ ನಕ್ಷತ್ರವೇಕೆ ಎಂಬುದಕ್ಕೆ ಉತ್ತರ ಬರಲಿಲ್ಲ.

ಕೇಳಿದರೆ ಹೋಗುವುದೇನು ಎನ್ನುವವರಿದ್ದಾರೆ. 2020ರ ನವೆಂಬರಿನಲ್ಲಿ ಬಿಗ್‌ಬಾಸ್ಕೆಟ್ಟಿನ ಸುಮಾರು ಎರಡು ಕೋಟಿ ಗ್ರಾಹಕರ ವಿವರಗಳು ಅಂತರ್ಜಾಲದ ಕಳ್ಳಸಂತೆಯಲ್ಲಿ ಮಾರಾಟಕ್ಕಿವೆಯೆಂದು ಸೈಬರ್ ಭದ್ರತೆಯ ಸಂಸ್ಥೆಯೊಂದು ಪ್ರಕಟಿಸಿತು. ಕಂಪನಿಯು ಬೆಂಗಳೂರಿನ ಸೈಬರ್ ಅಪರಾಧ ವಿಭಾಗಕ್ಕೆ ದೂರಿತ್ತಿತು. ಹೊರಬಿದ್ದವೆಂದು ಹೇಳಲಾದ ವಿವರಗಳಲ್ಲಿ ಹೆಸರು, ವಿಳಾಸ, ಫೋನ್ ಸಂಖ್ಯೆಗಳ ಜೊತೆಗೆ ಹುಟ್ಟಿದ ದಿನವೂ ಇದ್ದಿತು. ಕೇಳದೆ ಬಿಟ್ಟ ವಿವರ ಕಳುವಾಗಲಾರದು. ‘ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ನಿಷಿದ್ಧ ವಸ್ತು ಸಿಕ್ಕಿದೆ’ ಎಂದು ಪೊಲೀಸರ ಸೋಗಿನಲ್ಲಿ ಹೆದರಿಸಿ ವೃದ್ಧರ ಉಳಿತಾಯವನ್ನು ದೋಚುವ ವಂಚಕರು, ಹೆಸರನ್ನೂ ಮನೆಯ ಸಂಖ್ಯೆಯನ್ನೂ ವಯಸ್ಸನ್ನೂ ತಪ್ಪಿಲ್ಲದೆ ಒಪ್ಪಿಸಿಬಿಟ್ಟರೆ, ಪಿಂಚಣಿಯ ಮೇಲೆ ಬದುಕುತ್ತಿರುವ ನಮ್ಮಂಥವರು ನಂಬದೆ ಏನು ಮಾಡಿಯಾರು?

ಇನ್ನು ನ್ಯಾಯದ ವಿಚಾರ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಅನೇಕರು ಮೊಮ್ಮಕ್ಕಳನ್ನಾಡಿಸಿಕೊಂಡು ಸುಮ್ಮನಿರುವ ಎಂಬತ್ತಾರರ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಖಾಸಗಿತನವು ಸಂವಿಧಾನದಲ್ಲಿ ಹಕ್ಕೇ ಅಲ್ಲವೆಂದು ಸರ್ಕಾರವು 1954ರ ಮತ್ತು 1962ರ ತೀರ್ಪುಗಳನ್ನು ಮುಂದೊಡ್ಡಿದಾಗ, ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು—ಅವರಲ್ಲಿ ದಕ್ಷಿಣ ಕನ್ನಡದ ಎಸ್. ಅಬ್ದುಲ್ ನಜೀರ್ ಅವರೂ ಒಬ್ಬರು—2017ರ ಆಗಸ್ಟ್ 24ರಂದು ಏಕಕಂಠದಿಂದ ಅದು ಮೂಲಭೂತ ಹಕ್ಕೆಂದು ಸಾರಿತು. ಮರುವರ್ಷದ ಸೆಪ್ಟೆಂಬರಿನ ತೀರ್ಪು ಆಧಾರನ್ನು ಉಳಿಸಿಕೊಂಡಿತಾದರೂ, ಖಾಸಗಿ ಕಂಪನಿಗಳು ಅದನ್ನು ಕೇಳಲು ಎಡೆಮಾಡಿದ್ದ ಆಧಾರ್ ಕಾಯಿದೆಯ 57ನೆಯ ಪ್ರಕರಣದ ಭಾಗವನ್ನು ರದ್ದುಗೊಳಿಸಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, ತೊಂಬತ್ತೆಂಟರ ವಯಸ್ಸಿನಲ್ಲಿ ತೀರಿಕೊಂಡರು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 2017ರ ತೀರ್ಪಿನ ಫಲ. ಸಮ್ಮತಿಯು ಉದ್ದಿಷ್ಟ ಕಾರ್ಯಕ್ಕೆ ಅವಶ್ಯಕವಾದ ವಿವರಗಳಿಗೆ ಮಾತ್ರ ಸಲ್ಲತಕ್ಕದ್ದೆಂದು ಅದರ 6ನೆಯ ಪ್ರಕರಣವು ವಿಧಿಸಿ, ವೈದ್ಯಕೀಯ ಸಲಹೆಗೆಂದು ಇಳಿಸಿಕೊಂಡ ಆ್ಯಪು ಫೋನಿನ ಸಂಪರ್ಕಪಟ್ಟಿಗೂ ಒಪ್ಪಿಗೆ ಪಡೆದರೆ ಆ ಒಪ್ಪಿಗೆ ಪಟ್ಟಿಗೆ ತಗಲದು ಎಂಬ ದೃಷ್ಟಾಂತವನ್ನೂ ಕೊಟ್ಟಿದೆ. ಅದೇ ವರ್ಷದ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹೆಸರಿಸಿದ ಹದಿಮೂರು ವಂಚಕ ವಿನ್ಯಾಸಗಳಲ್ಲಿ, ಖರೀದಿಗೆ ಬೇಡದ ವೈಯಕ್ತಿಕ ವಿವರವನ್ನು ಬಲವಂತದಿಂದ ಪಡೆಯುವುದೂ ಸೇರಿದೆ. ಇಷ್ಟೆಲ್ಲ ಕೈಬಿಟ್ಟರೆ ವ್ಯಾಪಾರ ನಡೆಯುವುದೆಂತು ಎಂದು ವರ್ತಕರು ಅಲವತ್ತುಕೊಳ್ಳುವುದುಂಟು. ಗ್ರಾಹಕರ ಕಾರ್ಡಿನ ಸಂಖ್ಯೆಯನ್ನು ಮಾರಾಟಗಾರರು ಇಟ್ಟುಕೊಳ್ಳಲಾಗದೆಂದು ರಿಸರ್ವ್ ಬ್ಯಾಂಕು ಕಟ್ಟಪ್ಪಣೆ ಮಾಡಿದಾಗಲೂ ಹೀಗೆಯೇ ಗೋಳಾಡಿದರು. 2022ರ ಅಕ್ಟೋಬರ್ 1ರಿಂದ ಅದು ಜಾರಿಗೆ ಬಂದಿತು, ಆ ವರ್ಷದ ದೀಪಾವಳಿಯ ಮಾರಾಟವೇನೂ ನಿಲ್ಲಲಿಲ್ಲ.

ಅಧಿನಿಯಮದ ನಿಯಮಗಳು ಪ್ರಕಟವಾದುದು 2025ರ ನವೆಂಬರಿನಲ್ಲಿ. ಮುಖ್ಯ ಕಟ್ಟಳೆಗಳಿಗೆ ಹದಿನೆಂಟು ತಿಂಗಳ ಗಡುವು ಕೊಟ್ಟಿದ್ದಾರೆ. ಅಷ್ಟರೊಳಗೆ ನಾವು ನೋಡಿಕೊಳ್ಳಬೇಕಾದ ಇನ್ನೊಂದು ಬಾಗಿಲಿದೆ. ಜೆ. ಪಿ. ನಗರದ, ಬಿಟಿಎಮ್ ಬಡಾವಣೆಯ ಅನೇಕ ಅಪಾರ್ಟ್‌ಮೆಂಟುಗಳಲ್ಲಿ, ಸಾಮಾನು ತಂದ ಹುಡುಗನನ್ನು ಗೇಟಿನಲ್ಲಿ ನಿಲ್ಲಿಸಿ, ಅವನ ಹೆಸರನ್ನೂ ಫೋನ್ ಸಂಖ್ಯೆಯನ್ನೂ ಬರೆಸಿಕೊಂಡು, ಮುಖದ ಚಿತ್ರವನ್ನು ಹಿಡಿದ ಮೇಲೆಯೇ ಒಳಗೆ ಬಿಡುತ್ತಾರೆ. ಆ ಚಿತ್ರ ಎಷ್ಟು ಕಾಲ ಉಳಿಯುತ್ತದೆ, ಯಾರು ನೋಡುತ್ತಾರೆ ಎಂದು ಒಂದು ಸಂಘದ ಕಾರ್ಯದರ್ಶಿಯನ್ನು ಕೇಳಿದೆ. ‘ಅದೆಲ್ಲ ಆ್ಯಪಿನವರಿಗೆ ಗೊತ್ತು ಸಾರ್’ ಎಂದರು. ಹದಿನೆಂಟು ತಿಂಗಳು ಕಳೆದ ಮೇಲೆ, ಸಾವಿರ ಗೇಟುಗಳಲ್ಲಿ ನಿಂತ ಆ ಹುಡುಗನು ‘ನನ್ನ ಚಿತ್ರವನ್ನು ಅಳಿಸಿರಿ’ ಎಂದು ಬರೆದು ಕೇಳಿದರೆ ಉತ್ತರ ಕೊಡಬೇಕಾದವರಲ್ಲಿ ನಮ್ಮ ಸಂಘಗಳೂ ಇರುತ್ತವೆ.