ಮೃತ್ಯುಪತ್ರ ಅಮಂಗಲವಲ್ಲ



ಮೃತ್ಯುಪತ್ರವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಜನ “ಬಿಡ್ತು ಅನ್ರೀ ಅಪ್ಪಾವ್ರ” ಎನ್ನುತ್ತಾರೆ. ಸಾವನ್ನು ಲಿಂಗೈಕ್ಯವೆಂದು ಕರೆದ ಪರಂಪರೆಯವರಿಗೆ ಈ ಅಂಜಿಕೆ ಒಪ್ಪುವುದಿಲ್ಲ. ಬೃಹದಾರಣ್ಯಕೋಪನಿಷತ್ತಿನಲ್ಲಿ ಯಾಜ್ಞವಲ್ಕ್ಯನು ಮನೆ ಬಿಟ್ಟು ಹೊರಡುವ ಮುನ್ನ ಮೈತ್ರೇಯಿ, ಕಾತ್ಯಾಯನಿಯರಿಬ್ಬರಿಗೂ ಪಾಲು ಗೊತ್ತುಪಡಿಸಲು ಮುಂದಾದನು. ಮೈತ್ರೇಯಿಯು ಅಮೃತತ್ವವನ್ನು ಕೇಳಿದಳೆಂಬುದನ್ನು ಎಲ್ಲರೂ ಹೇಳುತ್ತಾರೆ. ಆ ಪ್ರಶ್ನೆ ಹುಟ್ಟಿದ್ದು ಆಸ್ತಿಯ ಮಾತಿನಿಂದ ಎಂಬುದನ್ನು ಮಾತ್ರ ಪ್ರವಚನಕಾರರು ಮರೆಯುತ್ತಾರೆ.

ಪತ್ರ ಬರೆಯದೆ ಹೋದರೆ ಏನಾಗುತ್ತದೆ? 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವೀರಶೈವ, ಲಿಂಗಾಯತ ಎಂದು ಹೆಸರಿಟ್ಟೇ ನಮ್ಮನ್ನೂ ಸೇರಿಸಿಕೊಂಡಿದೆ. ಅದರಂತೆ ಗಂಡಸಿನ ಸ್ವಯಾರ್ಜಿತವು ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಇವರಿಗೆ ಸಮನಾಗಿ ಹೋಗುತ್ತದೆ. ನ್ಯಾಯವೇ ಸರಿ. ಆದರೆ ಮೂರು ಮಕ್ಕಳ ತಾಯಿಗೆ, ಗಂಡನೊಡನೆ ಕಲ್ಲು ಹೊತ್ತು ಕಟ್ಟಿದ ಮನೆಯಲ್ಲಿ ನಾಲ್ಕರಲ್ಲೊಂದು ಪಾಲು. ಅತ್ತೆ ಬದುಕಿದ್ದರೆ ಐದರಲ್ಲೊಂದು. ಮಕ್ಕಳು ಮನೆ ಮಾರಹೊರಟರೆ ಆಕೆ ಎಲ್ಲಿ ಹೋಗಬೇಕು? ಇಂಥ ತಾಯಂದಿರು ಮಠದ ಜಗುಲಿಯ ಮೇಲೆ ಕುಳಿತು ಕಣ್ಣೀರು ಹಾಕುವುದನ್ನು ನಾವು ಕಂಡಿದ್ದೇವೆ. ಆಕೆ ಇರುವವರೆಗೆ ಮನೆ ಆಕೆಯದು ಎಂದು ಎರಡು ಸಾಲು ಬರೆದಿಡಲು ಯಜಮಾನನಿಗೆ ಪುರುಸೊತ್ತು ಆಗಿರಲಿಲ್ಲ.

ಪಿತ್ರಾರ್ಜಿತದ ಮಾತು ಬೇರೆ. ಹುಟ್ಟಿನಿಂದಲೇ ಮಗನಿಗೆ ಹಕ್ಕೆಂದು ಸಾಧಿಸಿದ ಮಿತಾಕ್ಷರಾ ಗ್ರಂಥವನ್ನು ವಿಜ್ಞಾನೇಶ್ವರರು ಬರೆದದ್ದು ನಮ್ಮ ಕಲ್ಯಾಣದಲ್ಲಿಯೇ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಆ ಹಕ್ಕು ಮಗಳಿಗೂ ಬಂದಿದೆ: 1994ರ ಕರ್ನಾಟಕದ ತಿದ್ದುಪಡಿಯಿಂದ ಅಲ್ಲಿಯವರೆಗೆ ಮದುವೆಯಾಗದಿದ್ದವರಿಗೆ, 2005ರ ಕೇಂದ್ರದ ತಿದ್ದುಪಡಿಯಿಂದ ಮದುವೆಯಾದವರಿಗೂ. ಆದ್ದರಿಂದ ಅವಿಭಕ್ತ ಆಸ್ತಿಯಲ್ಲಿ ನೀವು ಬರೆದಿಡಬಹುದಾದದ್ದು ನಿಮ್ಮ ಪಾಲನ್ನು ಮಾತ್ರ. ಮಗಳ ಪಾಲನ್ನು ನಿಮ್ಮ ಲೇಖನಿ ಅಳಿಸಲಾರದು. ಇಷ್ಟಲಿಂಗವನ್ನು ಹೆಣ್ಣುಮಕ್ಕಳಿಗೂ ಕಟ್ಟುವವರು ಹೊಲದ ಬದುವಿನ ಬಳಿ ಬಂದಾಗ ಲೆಕ್ಕ ತಪ್ಪುವುದು ನಮಗೆ ಸೊಗಸುವುದಿಲ್ಲ.

ಕೆಲವರು “ಎಲ್ಲವನ್ನೂ ಮಠಕ್ಕೆ ಬರೆಯುತ್ತೇವೆ” ಎಂದು ಬರುತ್ತಾರೆ. ಹೆಂಡತಿಗೆ ನೆಲೆಯುಂಟೆ, ಕೈಲಾಗದ ಮಗನಿಗೆ ಅನ್ನವುಂಟೆ ಎಂದು ಮೊದಲು ಕೇಳುತ್ತೇವೆ. ಇಲ್ಲವೆಂದರೆ ಹಿಂದಕ್ಕೆ ಕಳಿಸುತ್ತೇವೆ. ಮನೆಯವರನ್ನು ಉಪವಾಸ ಕೆಡವಿ ಮಾಡಿದ್ದು ದಾಸೋಹವಾಗುವುದಿಲ್ಲ.

ಬರೆಯುವುದು ಕಠಿಣವಲ್ಲ. ಪ್ರಾಯಕ್ಕೆ ಬಂದು ಬುದ್ಧಿ ಸ್ಥಿಮಿತದಲ್ಲಿರುವ ಯಾರೂ ಬರೆಯಬಹುದು. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಸಹಿಯನ್ನೋ ಹೆಬ್ಬೆಟ್ಟನ್ನೋ ಇಬ್ಬರು ಸಾಕ್ಷಿಗಳ ಕಣ್ಣೆದುರು ಹಾಕಬೇಕು, ಅವರೂ ನಿಮ್ಮೆದುರು ಸಹಿ ಮಾಡಬೇಕು. ಸಾಕ್ಷಿಗಳು ನಿಮಗಿಂತ ಚಿಕ್ಕವರಾಗಿರಲಿ, ಪಾಲು ಪಡೆಯುವವರು ಆಗದಿರಲಿ. ಮನಸ್ಸು ಬದಲಾದರೆ ಮತ್ತೊಂದು ಬರೆಯಿರಿ, ಕೊನೆಯದೇ ಊರ್ಜಿತ. ಬ್ಯಾಂಕಿನಲ್ಲಿ ನಾಮಿನಿ ಬರೆಸಿದ್ದೇವೆಂದು ನಿಶ್ಚಿಂತರಾಗಬೇಡಿರಿ. ನಾಮಿನಿಯ ಕೈಗೆ ಹಣ ಬರುತ್ತದೆ, ಒಡೆತನ ವಾರಸುದಾರರದೇ.

ಇನ್ನು, ಬರೆದ ಪತ್ರವನ್ನು ಟ್ರಂಕಿನ ತಳಕ್ಕೆ ಸೇರಿಸಿ ಸುಮ್ಮನಾಗುವವರುಂಟು. ಅದು ಎಲ್ಲಿದೆಯೆಂದು ನಂಬಿಕೆಯ ಒಬ್ಬರಿಗಾದರೂ ತಿಳಿದಿರಲಿ.