ಗೋಡೆಯ ಹಿಂದಿನ ಮಣ್ಣು

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಮುಖ್ಯೋಪಾಧ್ಯಾಯರು ಫೋನ್ ಮಾಡಿದಾಗ, ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಪ್ಪ ಅಂದರು. ಒಪ್ಪಿಕೊಂಡೆ. ಆದರೆ ಕಂಪ್ಯೂಟರ್ ಬಗ್ಗೆ ಮಕ್ಕಳಿಗೆ ನನಗಿಂತ ಅವರ ಮೊಬೈಲೇ ಚೆನ್ನಾಗಿ ಹೇಳುತ್ತದೆ. ನಾನು ಬಿ.ಇ. ಓದಿದ್ದು ಸಿವಿಲ್, ಕೆಲಸ ಸಿಕ್ಕಿದ್ದು ಸಾಫ್ಟ್‌ವೇರ್‌ನಲ್ಲಿ. ನನ್ನ ಹಾಗೆ ನೂರಾರು ಜನ ಇದ್ದಾರೆ. ಓದಿದ್ದನ್ನು ನಾನು ಒಂದೇ ಒಂದು ಸಲ ಕೈಯಾರೆ ಕಟ್ಟಿಸಿದೆ, ಅದೂ ನಮ್ಮ ಊರಲ್ಲೇ, ಅದು ಬಿದ್ದುಹೋಯಿತು. ಇವತ್ತು ಆ ಗೋಡೆಯ ಬಗ್ಗೆಯೇ ಮಾತಾಡುತ್ತೇನೆ. ಸರ್, ಕ್ಷಮಿಸಬೇಕು.

ನಮ್ಮ ಮನೆ ಇರುವುದು ಇಳಿಜಾರಿನಲ್ಲಿ. ಹಿತ್ತಲು ಕೆಳಗಿನ ಮನೆಯವರ ಕೊಟ್ಟಿಗೆಯ ಕಡೆಗೆ ಇಳಿಯುತ್ತದೆ. 2019ರಲ್ಲಿ ಕೈಯಲ್ಲಿ ಸ್ವಲ್ಪ ದುಡ್ಡು ಆಡುತ್ತಿತ್ತು, ಹಿತ್ತಲನ್ನು ಮಟ್ಟ ಮಾಡಿ ಅಮ್ಮನಿಗೆ ಒಂದು ಅಂಗಳ ಮಾಡಿಕೊಡೋಣ ಅಂದುಕೊಂಡೆ. ಪ್ರೀಕಾಸ್ಟ್ ಕಾಂಪೌಂಡ್ ನೀವೆಲ್ಲ ನೋಡಿದ್ದೀರಿ. ನಾಲ್ಕು ಇಂಚು ದಪ್ಪದ ಸಿಮೆಂಟ್ ಕಂಬ, ಅದರ ಎರಡೂ ಪಕ್ಕದಲ್ಲಿ ಗಾಡಿ, ಆ ಗಾಡಿಯಲ್ಲಿ ಒಂದರ ಮೇಲೊಂದು ಇಳಿಬಿಟ್ಟ ಎರಡು ಇಂಚಿನ ಹಲಗೆಗಳು. ಬೆಳಿಗ್ಗೆ ಲಾರಿ ಬಂದರೆ ಸಂಜೆಗೆ ಗೋಡೆ ಎದ್ದಿರುತ್ತದೆ. ಏಳಡಿಗೊಂದು ಕಂಬ ನೆಡಿಸಿ, ಆರಡಿ ಎತ್ತರಕ್ಕೆ ಹಲಗೆ ಕೂರಿಸಿ, ಒಳಗಡೆ ಐದಡಿ ಮಣ್ಣು ತುಂಬಿಸಿದೆ. ಜೆಸಿಬಿ ಚಾಲಕ ಬಕೆಟ್ಟಿನಿಂದಲೇ ತಟ್ಟಿ ಹೋದ. ಎರಡು ವರ್ಷ ಏನೂ ಆಗಲಿಲ್ಲ. ನೋಡಿದವರೆಲ್ಲ ಇಂಜಿನಿಯರ್ ಮನೆ ಅಂದರು, ನಾನೂ ಹೌದು ಅಂದುಕೊಂಡೆ.

ಮಣ್ಣು ತುಂಬಿಸುವ ದಿನ ಕಲ್ಲು ಕೆಲಸದ ತಾತ ಒಬ್ಬರು ಆ ದಾರಿಯಲ್ಲಿ ಹೋಗುತ್ತಿದ್ದರು. ನಿಂತು ನೋಡಿ ಒಂದೇ ಮಾತು ಕೇಳಿದರು: “ನೀಳ್ಳು ಎಟು ಪೋವಾಲ ನಾಯನಾ?” ನೀರು ಎಲ್ಲಿಗೆ ಹೋಗಬೇಕಪ್ಪ ಅಂತ. ಹಲಗೆ ಸಂದಿನಲ್ಲಿ ಹೋಗುತ್ತೆ ತಾತ ಅಂದೆ. ಅವರು ತಲೆಯಾಡಿಸಿ ಹೋದರು. ಒಪ್ಪಿ ಆಡಿಸಿದರೋ ಬೇಡ ಅಂತ ಆಡಿಸಿದರೋ ನಾನು ಗಮನಿಸಲಿಲ್ಲ.

2021ರ ನವೆಂಬರ್ ಮಳೆ ನಿಮಗೆ ನೆನಪಿದೆ. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ನಮ್ಮ ಜಿಲ್ಲೆಯಲ್ಲಿ ಕೋಡಿ ಹೋದ ವರ್ಷ ಅದು. ಒಂದು ರಾತ್ರಿ ಎರಡು ಗಂಟೆ ಹೊತ್ತಿಗೆ ಹಿತ್ತಲಲ್ಲಿ ಸದ್ದಾಯಿತು. ಟಾರ್ಚ್ ಹಿಡಿದು ಹೋದರೆ ಗೋಡೆ ಇಲ್ಲ. ಐದು ಕಂಬ ಬುಡದಲ್ಲೇ ಮುರಿದಿದ್ದವು. ಹಲಗೆ, ಮಣ್ಣು ಎಲ್ಲ ಕೆಳಗಿನ ಕೊಟ್ಟಿಗೆಯ ಮೇಲೆ. ಚಿಕ್ಕಪ್ಪನ ಎರಡು ಮೇಕೆ ಅದರಡಿ ಸತ್ತುಹೋದವು. ಚಿಕ್ಕಪ್ಪ ಅಂದರೆ ರಕ್ತ ಸಂಬಂಧ ಅಲ್ಲ, ಹುಟ್ಟಿದಾಗಿನಿಂದ ಹಾಗೇ ಕರೆಯುತ್ತೇನೆ. ಅವರ ಮೊಮ್ಮಕ್ಕಳಿಬ್ಬರು ದಿನಾ ಸಂಜೆ ಆ ಗೋಡೆ ನೆರಳಲ್ಲೇ ಆಡುತ್ತಿದ್ದವು. ಮೇಕೆ ದುಡ್ಡು ಕೊಡಲು ಹೋದಾಗ ಚಿಕ್ಕಪ್ಪ, “ಹೋಗಲಿ ಬಿಡಪ್ಪ, ರಾತ್ರಿ ಬಿತ್ತಲ್ಲ” ಅಂದರು. ಆ ಮಾತು ಈಗಲೂ ಕಿವಿಯಲ್ಲಿದೆ.

ಆಮೇಲೆ ಅಟ್ಟದಿಂದ ಕಾಲೇಜಿನ ಪುಸ್ತಕ ಇಳಿಸಿದೆ. ಅಲ್ಲಿ ಓದಿದ್ದನ್ನು ನಮ್ಮ ಕಣದ ಭಾಷೆಯಲ್ಲಿ ಹೇಳುತ್ತೇನೆ.

ಕಣದಲ್ಲಿ ರಾಗಿ ಸುರಿದರೆ ರಾಶಿ ತಾನೇ ಒಂದು ಇಳಿಜಾರಿಗೆ ಬಂದು ನಿಲ್ಲುತ್ತದೆ. ಇನ್ನಷ್ಟು ಸುರಿದರೆ ರಾಶಿ ಅಗಲವಾಗುತ್ತದೆ, ಇಳಿಜಾರು ಮಾತ್ರ ಅಷ್ಟೇ. ಒಣ ಮರಳೂ ಹಾಗೇ, ಸುಮಾರು 30 ಡಿಗ್ರಿ. ರಾಶಿಯನ್ನು ನೆಟ್ಟಗೆ ನಿಲ್ಲಿಸಬೇಕಾದರೆ ಪಕ್ಕಕ್ಕೊಂದು ಹಲಗೆ ಬೇಕು, ತಾನಾಗಿ ನಿಲ್ಲಲಾರದ ಭಾಗ ಪೂರ್ತಿ ಆ ಹಲಗೆಯನ್ನು ತಳ್ಳುತ್ತದೆ. ತಡೆಗೋಡೆ ಅಂದರೆ ಆ ಹಲಗೆ. ಕೆಳಗೆ ಹೋದಷ್ಟೂ ತಳ್ಳುವುದು ಜಾಸ್ತಿ. ಅದಕ್ಕೇ ಗೋಡೆಯ ಎತ್ತರ ಎರಡರಷ್ಟಾದರೆ ಮಣ್ಣು ತಳ್ಳುವ ಬಲ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಹತ್ತನೇ ತರಗತಿಯವರು ಇದನ್ನು ಲೆಕ್ಕ ಮಾಡಿ ನೋಡಬಹುದು.

ನಮ್ಮ ಹಿತ್ತಲಿನ ಲೆಕ್ಕ ಹಾಕಿದೆ. ಐದಡಿ ಒಣ ಮಣ್ಣು, ಏಳಡಿಗೊಂದು ಕಂಬ. ಒಂದೊಂದು ಕಂಬದ ಮೇಲೆ ಅಡ್ಡಡ್ಡ ಬೀಳುವ ತಳ್ಳು ಸುಮಾರು ಒಂದೂವರೆ ಟನ್, ಅಂದರೆ 30 ಮೂಟೆ ಸಿಮೆಂಟಿನಷ್ಟು. ಮಣ್ಣು ಒಣಗಿದ್ದಾಗ ಸ್ವಲ್ಪ ಅಂಟಿಕೊಂಡು ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ, ಹಾಗಾಗಿ ಎರಡು ವರ್ಷ ಬಚಾವಾದೆ. ನೀರು ತುಂಬಿದ ಮೇಲೆ ಆ ಅಂಟೂ ಹೋಯಿತು, ನೀರು ತನ್ನ ಪಾಲಿನ ತಳ್ಳನ್ನೂ ಸೇರಿಸಿತು. ಕಂಬಕ್ಕೆ ಮೂರು ಟನ್ ದಾಟಿತು. ಸಂದಿನಲ್ಲಿ ನೀರು ಹೋಗುತ್ತದೆ ಅಂದಿದ್ದೆನಲ್ಲ, ಆ ಸಂದುಗಳಿಗೆ ಮೊದಲನೇ ಮಳೆಗಾಲದಲ್ಲೇ ಜೇಡಿ ಮೆತ್ತಿಕೊಂಡಿತ್ತು. ನಾಲ್ಕು ಇಂಚಿನ ಕಂಬ ಮೂರು ಟನ್ ತಡೆಯಲಾರದು. ಅದನ್ನು ಮಾಡಿದವರ ತಪ್ಪೂ ಇಲ್ಲ. ಅವರು ದನ, ಕಳ್ಳರು, ಗಾಳಿ ತಡೆಯಲಿ ಅಂತ ಮಾಡಿದ್ದು. ಮಣ್ಣು ಹೊರಲಿ ಅಂತ ಅಲ್ಲ.

ನನಗೆ ನಾಚಿಕೆ ಆಗಿದ್ದು ಇಲ್ಲೇ. ಈ ಕಂಬ-ಹಲಗೆ ಕಾಂಪೌಂಡು ಹೊಸದೇನಲ್ಲ, ನಮ್ಮೂರಿನ ಕಲ್ಲುಕೂಚದ ಬೇಲಿಯದೇ ಸಿಮೆಂಟ್ ರೂಪ. ಟೇಕಲ್ ಸುತ್ತಲಿನ ಬಂಡೆಯಿಂದ ಚಪ್ಪಡಿ ಎಬ್ಬಿಸಿ, ಉಳಿ ಸುತ್ತಿಗೆಯಲ್ಲಿ ಸೀಳಿ, ದ್ರಾಕ್ಷಿ ಚಪ್ಪರಕ್ಕೆ ಕಂಬ, ಜಮೀನಿಗೆ ಕೂಚ, ಮನೆಗೆ ಸೈಜ್ ಕಲ್ಲು ಮಾಡಿದ ಜನ ನಾವು. ಬೇರೆ ಕಡೆ ಮಾಡಿಕೊಂಡು ಬಂದು ಜಾಗದಲ್ಲಿ ಜೋಡಿಸುವುದು ಅಂದರೆ ಪ್ರೀಕಾಸ್ಟೇ ತಾನೆ? ಆದರೆ ಚಪ್ಪಡಿ ಬೇಲಿಗೆ ಐದಡಿ ಮಣ್ಣು ಒತ್ತರಿಸಿದ್ದನ್ನು ನಾನು ನಮ್ಮ ಊರಲ್ಲಿ ಎಲ್ಲೂ ನೋಡಿಲ್ಲ. ಮಣ್ಣು ತಡೆಯುವ ಕಡೆ ಹಿರಿಯರು ಬೇರೆಯೇ ಗೋಡೆ ಹಾಕುತ್ತಿದ್ದರು. ಬುಡ ಅಗಲ, ತಲೆ ಕಿರಿದು, ಮೈ ಮಣ್ಣಿನ ಕಡೆಗೆ ಒರಗಿದ್ದು, ಗಾರೆ ಇಲ್ಲದ ಸಂದು.

ಹಾಗಾದರೆ ಸಿಮೆಂಟ್ ಭಾಗಗಳಿಂದ ತಡೆಗೋಡೆ ಕಟ್ಟಲೇಬಾರದೇ? ಖಂಡಿತ ಕಟ್ಟಬಹುದು, ದೇಶದ ತುಂಬ ಕಟ್ಟುತ್ತಿದ್ದಾರೆ. ಒಂದು ಬಗೆ ಇಂಗ್ಲಿಷಿನ ಎಲ್ ಅಕ್ಷರದ ಆಕಾರದ್ದು. ಅದರ ಪಾದ ಮಣ್ಣಿನ ಕೆಳಗೆ ಒಳಗಡೆಗೆ ಚಾಚಿರುತ್ತದೆ. ಮೇಲೆ ತುಂಬಿದ ಮಣ್ಣು ಆ ಪಾದವನ್ನು ತುಳಿದು ನಿಲ್ಲುವುದರಿಂದ, ತಳ್ಳುವ ಮಣ್ಣೇ ಗೋಡೆಯನ್ನು ಹಿಡಿದುಕೊಳ್ಳುತ್ತದೆ. ಅಂಗಳದಲ್ಲಿ ಎರಕ ಹೊಯ್ದು, ನೀರುಣಿಸಿ, ಪರೀಕ್ಷೆ ಮಾಡಿ ಕಳಿಸುವುದರಿಂದ ಗುಣಮಟ್ಟ ಮೊದಲೇ ಗೊತ್ತಿರುತ್ತದೆ.

ಇನ್ನೊಂದು ಬಗೆಯನ್ನು ನೀವು ಬೆಂಗಳೂರಿಗೆ ಹೋಗುವಾಗ ನೋಡಿರುತ್ತೀರಿ. ಫ್ಲೈಓವರ್ ಹತ್ತುವ ಕಡೆ ಇಪ್ಪತ್ತು, ಮೂವತ್ತು ಅಡಿ ಎತ್ತರ ನೆಟ್ಟಗೆ ನಿಂತ ಗೋಡೆ, ಮೇಲೆ ಕೂಡಿಸುವ ಗುರುತಿನ ಆಕಾರದ ಹಲಗೆಗಳು. ಇಂಥ ಒಂದು ಹಲಗೆ ಹತ್ತಿರ ಹತ್ತಿರ ಒಂದು ಟನ್ ತೂಗುತ್ತದೆ, ದಪ್ಪ ಮಾತ್ರ ಆರೇಳು ಇಂಚು. ಅಷ್ಟು ತೆಳುವಾದದ್ದು ಮೂವತ್ತು ಅಡಿ ಮಣ್ಣನ್ನೂ ಅದರ ಮೇಲೆ ಓಡುವ ಲಾರಿಗಳನ್ನೂ ಹೇಗೆ ತಡೆಯುತ್ತದೆ?

ತಡೆಯುವುದಿಲ್ಲ. ಗುಟ್ಟೇ ಅದು. ಪ್ರತಿ ಹಲಗೆಯ ಬೆನ್ನಿಂದ ಕಬ್ಬಿಣದ ಅಥವಾ ಗಟ್ಟಿ ಪ್ಲಾಸ್ಟಿಕ್ ನಾರಿನ ಪಟ್ಟಿಗಳು ಮಣ್ಣಿನೊಳಕ್ಕೆ ಹೋಗಿರುತ್ತವೆ. ಗೋಡೆ 20 ಅಡಿ ಇದ್ದರೆ ಪಟ್ಟಿ ಕನಿಷ್ಠ 14 ಅಡಿ ಉದ್ದ. ಒಂದು ಪದರ ಪಟ್ಟಿ ಹಾಸಿ, ಮಣ್ಣು ಹರಡಿ, ಎಂಟೆಂಟು ಇಂಚಿಗೆ ರೋಲರ್ ಹೊಡೆದು, ಮತ್ತೆ ಪಟ್ಟಿ. ಮಣ್ಣು ಪಟ್ಟಿಯನ್ನು ಬಿಗಿಯಾಗಿ ಹಿಡಿಯುತ್ತದೆ, ಪಟ್ಟಿ ಮಣ್ಣನ್ನು ಜಾರಲು ಬಿಡುವುದಿಲ್ಲ. ಎಲ್ಲ ಸೇರಿ ಒಂದು ದೊಡ್ಡ ದಿಮ್ಮಿಯಂತಾಗಿ ತನ್ನ ಭಾರದಿಂದಲೇ ನಿಲ್ಲುತ್ತದೆ. ಹಲಗೆ ಬರೀ ಮುಖ, ಅಂಚಿನ ಮಣ್ಣು ಉದುರದಂತೆ ಹಿಡಿದಿರುವುದಷ್ಟೇ ಅದರ ಕೆಲಸ.

ಇದನ್ನು 1960ರ ದಶಕದ ಆರಂಭದಲ್ಲಿ ರೂಪಿಸಿದವನು ಫ್ರಾನ್ಸ್ ದೇಶದ ಆಂರಿ ವಿದಾಲ್. ಸಮುದ್ರ ತೀರದಲ್ಲಿ ಮರಳಿನ ಗುಡ್ಡೆಯೊಳಗೆ ಪೈನ್ ಮರದ ಸೂಜಿ ಎಲೆ ಇಟ್ಟು ಆಡುವಾಗ ಹೊಳೆಯಿತು ಅನ್ನುತ್ತಾರೆ. ಗೋಡೆ ಮಣ್ಣಿಗೆ ಹುಲ್ಲು ಕಲಸಿ ತುಳಿಯುತ್ತಿದ್ದ ನಮ್ಮ ಅಜ್ಜಿಯರಿಗೆ ಇದರಲ್ಲಿ ಆಶ್ಚರ್ಯ ಆಗುತ್ತಿರಲಿಲ್ಲ. ಮಕ್ಕಳೇ, ವಿಜ್ಞಾನ ಪ್ರದರ್ಶನಕ್ಕೆ ಇದನ್ನೇ ಮಾಡಿ. ಬಕೆಟ್ಟಿನಲ್ಲಿ ಸ್ವಲ್ಪ ತೇವದ ಮರಳು ತುಂಬಿ ಕವುಚಿ, ಮೇಲೊಂದು ಇಟ್ಟಿಗೆ ಇಡಿ. ಇನ್ನೊಂದು ಬಕೆಟ್ಟಿನಲ್ಲಿ ಎರಡು ಇಂಚಿಗೊಂದು ಹಳೆಯ ಪೇಪರ್ ಹಾಸುತ್ತ ಮರಳು ತುಂಬಿ ಕವುಚಿ. ಯಾವುದು ಎಷ್ಟು ಇಟ್ಟಿಗೆ ಹೊರುತ್ತದೆ ಎಣಿಸಿ ಬರೆದಿಡಿ. ಮಾಲೂರು ಇಟ್ಟಿಗೆಗೆ ಬರವಿಲ್ಲ.

ಈ ಗೋಡೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2014ರಲ್ಲಿ ಎಸ್‌ಪಿ 102 ಎಂಬ ಮಾರ್ಗಸೂಚಿ ಹೊರಡಿಸಿದೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ಮಗ್ಗುಲಲ್ಲಿ ಹಾದುಹೋಗುವುದರಿಂದ, ಇಂಥ ಕೆಲಸ ಈಗ ನಮ್ಮ ಹುಡುಗರಿಗೂ ದೂರದ್ದಲ್ಲ. ಆ ಮಾರ್ಗಸೂಚಿ ಓದುವಾಗ ನನ್ನ ಕಣ್ಣಿಗೆ ಬಿದ್ದದ್ದು ಹಲಗೆಯ ಮಾತಿಗಿಂತ ಅದರ ಹಿಂದಿನ ಮಾತು. ಹಲಗೆಯ ಬೆನ್ನಿಗೆ ಸುಮಾರು ಎರಡಡಿ ದಪ್ಪ ಜಲ್ಲಿ ತುಂಬಬೇಕು. ತುಂಬುವ ಮಣ್ಣಿನಲ್ಲಿ ಜೇಡಿಯಂಥ ನುಣುಪು ಅಂಶ ತೀರ ಕಡಿಮೆ ಇರಬೇಕು. ಸಂದುಗಳಿಗೆ ನೀರು ಬಿಟ್ಟು ಮಣ್ಣು ಹಿಡಿಯುವ ಬಟ್ಟೆ ಅಂಟಿಸಬೇಕು. ಹಲಗೆಯಿಂದ ಐದಡಿ ಒಳಗೆ ದೊಡ್ಡ ರೋಲರ್ ತರಬಾರದು, ಕೈಯಲ್ಲಿ ನಡೆಸುವ ಸಣ್ಣ ಯಂತ್ರದಿಂದಲೇ ದಮ್ಮಸು ಮಾಡಬೇಕು. ಅಷ್ಟು ದೊಡ್ಡ ಪುಸ್ತಕದಲ್ಲಿ ಎಷ್ಟೋ ಪುಟ ತಾತ ಕೇಳಿದ ಒಂದು ಪ್ರಶ್ನೆಗೆ ಉತ್ತರ. ನನ್ನ ಸಾಫ್ಟ್‌ವೇರ್ ಕೆಲಸದಲ್ಲೂ ಹೀಗೇ, ಬಿಡಿ ಭಾಗ ಚೆನ್ನಾಗೇ ಇರುತ್ತದೆ, ಕೆಡುವುದು ಜೋಡಿಸಿದ ಕಡೆ.

ಮನೆ ಹಿತ್ತಲಿಗೆ ಕೊನೆಗೆ ಕಲ್ಲಿನ ಗೋಡೆಯನ್ನೇ ಕಟ್ಟಿಸಿದೆವು. ನಮ್ಮ ಓಣಿಗೆ ಕ್ರೇನ್ ಬರಲ್ಲ, ಐದಡಿ ಗೋಡೆಗೆ ಎಲ್ ಆಕಾರದ ಎರಕ ತರಿಸುವುದು ದುಬಾರಿ, ಸೈಜ್ ಕಲ್ಲು ಪಕ್ಕದಲ್ಲೇ ಸಿಗುತ್ತದೆ. ಎಕ್ಸ್‌ಪ್ರೆಸ್‌ವೇಗೆ ಅದು ಸರಿ, ಹಿತ್ತಲಿಗೆ ಇದು ಸರಿ. ಕಲ್ಲು ಕೆಲಸವನ್ನು ಹೊಗಳಿ ಹಾಡುವವನು ನಾನಲ್ಲ. ಆ ದೂಳು ಎಷ್ಟು ಜನರ ಶ್ವಾಸಕೋಶ ತಿಂದಿದೆ ಅಂತ ಇಲ್ಲಿ ಕೂತ ಹಲವು ಮನೆಯವರಿಗೆ ಗೊತ್ತು. ಅಚ್ಚಿನಲ್ಲಿ ಎರಕ ಹೊಯ್ಯುವ ಕೆಲಸ ನಮ್ಮ ಹುಡುಗರಿಗೆ ಸಿಕ್ಕರೆ ನನಗೆ ಸಂತೋಷವೇ.

ತಾತನ ಮನೆಗೆ ಹೋಗಿ ಕರೆದೆ. ಬಂದರು. ಹಳೆಯ ಮಾತು ಎತ್ತಲಿಲ್ಲ. ಎರಡಡಿ ಪಾಯ, ಬುಡ ಮೂರಡಿ, ತಲೆ ಒಂದೂವರೆ ಅಡಿ. ಗೋಡೆಯ ಬೆನ್ನಿಗೆ ಒಂದಡಿ ಜಲ್ಲಿ. ಐದಡಿಗೊಂದರಂತೆ ಎರಡು ಸಾಲು ಮೂರಿಂಚಿನ ಪೈಪು, ಹೊರಕ್ಕೆ ಸ್ವಲ್ಪ ವಾಟ ಕೊಟ್ಟು. ಜಲ್ಲಿಗೂ ಮಣ್ಣಿಗೂ ನಡುವೆ ಫಿಲ್ಟರ್ ಬಟ್ಟೆ ಹಾಕಬೇಕು ಅಂತ ನಾನು ಹಟ ಹಿಡಿದೆ. ಗೋಡೆಗೆ ಸೀರೆ ಉಡಿಸ್ತಿದ್ದೀಯಾ ಅಂತ ತಾತ ನಕ್ಕರು. ಬಟ್ಟೆ ಇಲ್ಲದಿದ್ದರೆ ಮಣ್ಣು ನುಗ್ಗಿ ಜಲ್ಲಿ ಕಟ್ಟಿಕೊಳ್ಳುತ್ತೆ ತಾತ ಅಂದೆ. ಬಟ್ಟೆಯನ್ನು ಕೈಯಲ್ಲಿ ಹಿಡಿದು, ಚೊಂಬಿನಲ್ಲಿ ಕೆಸರು ನೀರು ಹೊಯ್ದು ನೋಡಿದರು. ಕೆಳಗೆ ತಿಳಿ ನೀರು ಇಳಿಯಿತು. “ಆಗಲಿ, ಹಾಕು” ಅಂದರು. ಬಿ.ಇ. ಪದವಿ ತಗೊಂಡ ದಿನ ಇಷ್ಟು ಖುಷಿ ಆಗಿರಲಿಲ್ಲ.

ಈಗ ಮಳೆ ಬಂದರೆ ಅಮ್ಮ ಮೊದಲು ನೋಡುವುದು ಆ ಪೈಪುಗಳನ್ನು. ಜೋರು ಮಳೆ ಆದ ಮೇಲೆ ಪೈಪಿನಲ್ಲಿ ನೀರು ಬರುತ್ತಿದ್ದರೆ ಸರಿ. ಬರದೇ ಇದ್ದರೆ ಕಡ್ಡಿ ಹಾಕಿ ತಿವಿಯುತ್ತಾರೆ.

ನಿಮ್ಮಲ್ಲಿ ಒಂದು ಕೇಳಿಕೆ. ಊರಿನ ಹೊಸ ಮನೆಗಳ ಸುತ್ತ ಕಂಬ-ಹಲಗೆ ಕಾಂಪೌಂಡು ಬಹಳ ಆಗಿವೆ. ಬೇಲಿಯಾಗಿ ನಿಂತವುಗಳ ಬಗ್ಗೆ ಚಿಂತೆ ಬೇಡ. ಆದರೆ ಒಳಗಡೆ ಎರಡು, ಮೂರಡಿಗಿಂತ ಜಾಸ್ತಿ ಮಣ್ಣು ತುಂಬಿಸಿದ್ದರೆ, ಹೊರಗಡೆಯಿಂದ ಒಂದು ಸಲ ನೋಡಿ. ಕಂಬ ಹೊರಕ್ಕೆ ವಾಲಿದೆಯಾ, ಹಲಗೆ ನಡುವೆ ಉಬ್ಬಿದೆಯಾ, ಕಂಬದ ಬುಡದಲ್ಲಿ ಬಿರುಕಿದೆಯಾ, ಮಳೆ ನಿಂತು ವಾರವಾದರೂ ಗೋಡೆ ಮೈ ಒದ್ದೆ ಇದೆಯಾ. ಇವುಗಳಲ್ಲಿ ಒಂದು ಕಂಡರೂ ಮಕ್ಕಳನ್ನು ಆ ಪಕ್ಕ ಬಿಡಬೇಡಿ, ಮಣ್ಣನ್ನು ಇಳಿಜಾರಾಗಿ ಕೆರೆದು ಗೋಡೆಯಿಂದ ದೂರ ಮಾಡಿಸಿ, ಆಮೇಲೆ ಗೋಡೆಯ ಯೋಚನೆ. ಕೆಳಗಿನ ಮನೆಯವರಿಗೂ ಒಂದು ಮಾತು ಹೇಳಿ.

ನಾಳೆ ಭಾನುವಾರ, ನಾನು ಊರಲ್ಲೇ ಇರುತ್ತೇನೆ. ಯಾರಿಗಾದರೂ ಅನುಮಾನ ಇದ್ದರೆ ಊಟ ಆದ ಮೇಲೆ ನನಗೆ ಹೇಳಿ, ಬೆಳಿಗ್ಗೆ ಬಂದು ನೋಡುತ್ತೇನೆ. ಟೇಪು, ತೂಕದ ಗುಂಡು ಎರಡೂ ಬೈಕಿನಲ್ಲಿವೆ. ತಾತನೂ ಬರುತ್ತೇನೆ ಅಂದಿದ್ದಾರೆ.